ಮುಂದಿನ ಸಾಲಿನ ಸಿಟ್ಟು

ರಿಯೋನಿ ನದಿಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ನಮ್ಮ ಊರು ಕುತೈಸಿಯ ಹಳೇ ಕ್ರೀಡಾಂಗಣದ ಹಿಂಬದಿಯ ಮೈದಾನದಲ್ಲಿ ಎಂಟು ಗಂಡಸರು ಒಬ್ಬರಿಗೊಬ್ಬರು ತೋಳು ಬಿಗಿದು, ತಲೆ ತಗ್ಗಿಸಿ, ಕಬ್ಬಿಣದ ಜಾರುಬಂಡಿಯೊಂದನ್ನು ತಳ್ಳುತ್ತಿದ್ದಾರೆ. ಬಂಡಿಯ ತುಂಬ ಮರಳಿನ ಚೀಲಗಳು. ಅವುಗಳ ಮೇಲೆ ಸಿಗರೇಟು ಸೇದುತ್ತ ಕೂತಿರುವವನು ತರಬೇತುದಾರ. ಚಳಿಗೆ ಎಂಟು ಬೆನ್ನುಗಳಿಂದಲೂ ಹಬೆ ಏಳುತ್ತಿದೆ. ಮೂವರ ಮುಂದಿನ ಸಾಲಿನಲ್ಲಿ ಬಲಗಡೆ, ಎಲ್ಲರಿಗಿಂತ ಕೆಳಗೆ ಬಾಗಿರುವ ದೇಹ ಬೆಸಿಕ್ ಲೊಮ್ತಾಡ್ಜೆಯದು. ಊರಿಗೆಲ್ಲ ಅವನು ಬೆಸೊ. ವಯಸ್ಸು ಮೂವತ್ತೊಂಬತ್ತು. ಈ ವಯಸ್ಸಿನಲ್ಲಿ ಆ ಜಾಗದಲ್ಲಿ ಇನ್ನೂ ಸಂಬಳಕ್ಕೆ ಆಡುವ ಇನ್ನೊಬ್ಬ ನಮ್ಮ ಕಡೆ ಇಲ್ಲ.

ಹಿಂದಿನಿಂದ ಕರೆದರೆ ಅವನ ಕತ್ತು ತಿರುಗುವುದಿಲ್ಲ. ಬೀರು ಪಕ್ಕಕ್ಕೆ ಸರಿಸಿದ ಹಾಗೆ ಇಡೀ ಮೈ ತಿರುಗುತ್ತದೆ. ಎರಡೂ ಕಿವಿ ಹೂಕೋಸಿನಂತೆ ಮುದ್ದೆಗಟ್ಟಿವೆ. ಎದ್ದ ಕೂಡಲೇ ಬಿಸಿನೀರಲ್ಲಿ ಅದ್ದಿದ ಟವೆಲನ್ನು ಕತ್ತಿಗೆ ಸುತ್ತಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂರುತ್ತಾನೆ. ಅದಿಲ್ಲದೆ ಅಂಗಿಗೆ ತಲೆ ತೂರಿಸಲು ಆಗುವುದಿಲ್ಲ.

ರಗ್ಬಿಯ ಚಿತ್ರಗಳು ನಿಮ್ಮ ಮನೆಗೂ ಪತ್ರಿಕೆಯಲ್ಲಿ ಬರುತ್ತವೆ. ಚೆಂಡು ಎದೆಗವಚಿಕೊಂಡು ಗೆರೆ ದಾಟಿ ಹಾರುವ ತೆಳ್ಳಗಿನ ಹುಡುಗ ಅದರಲ್ಲಿರುತ್ತಾನೆ. ಆ ಚೆಂಡು ಅವನ ಕೈಗೆ ಬರುವ ಮುಂಚೆ ಸ್ಕ್ರಮ್ಮಿನೊಳಗೆ ಎಂಟು ಜನರಿಗೆ ಎಂಟು ಜನ ಗೂಳಿಗಳ ಹಾಗೆ ತಲೆ ಕೊಟ್ಟು ಗುದ್ದಾಡಿರುತ್ತಾರೆ. ಅವರು ಯಾರ ಚಿತ್ರದಲ್ಲೂ ಇರುವುದಿಲ್ಲ. ಬೆಸೊ ತನ್ನ ಜೀವಮಾನದಲ್ಲಿ ಗೆರೆ ದಾಟಿಸಿದ ಚೆಂಡುಗಳನ್ನು ಎಣಿಸಲು ಒಂದು ಕೈ ಸಾಕು.

"ಹುಲ್ಲು ನೋಡ್ಕೊಂಡೇ ಬದುಕಿದೋನು ನಾನು," ಅನ್ನುತ್ತಾನೆ. "ಯಾವ ದೇಶದ್ ಹುಲ್ಲು ಅಂತ ಮೂಗಿಗೆ ತಾಗಿದ್ರೆ ಹೇಳ್ತೀನಿ. ನೋಡೋಕ್ ಬಂದೋರು ಹೆಂಗಿದ್ರು ಅಂತ ಮಾತ್ರ ಕೇಳ್ಬೇಡ."

ಈಗ ಊರು ಅವನನ್ನು ಬೈಯುತ್ತಿದೆ. ಈ ಬೇಸಿಗೆಯಲ್ಲಿ ನಾವು ರಾಜಧಾನಿ ತ್ಬಿಲಿಸಿಯವರ ಎದುರು ಫೈನಲ್ ಸೋತೆವು. ಸೋತದ್ದು ಬೆಸೊನಿಂದ ಅನ್ನುವುದು ಕುತೈಸಿಯಲ್ಲಿ ಮಕ್ಕಳಿಗೂ ಗೊತ್ತು. ಬಜಾರಿನಲ್ಲಿ ಗಿಣ್ಣು ಮಾರುವ ಹೆಂಗಸು ಅವನು ಬರುವುದು ಕಂಡರೆ ಪಕ್ಕದವಳಿಗೆ ಕೇಳುವಂತೆ, ಫೈನಲ್ ಮಾರ್ಕೊಂಡೋನು ಬಂದ ನೋಡು ಅನ್ನುತ್ತಾಳೆ. ಅವನು ಗಿಣ್ಣು ಅವಳಲ್ಲೇ ಕೊಳ್ಳುತ್ತಾನೆ. ಅವಳ ಬಾಯಿ ಕೆಟ್ಟದ್ದು, ಗಿಣ್ಣು ಒಳ್ಳೆಯದು ಎಂಬುದು ಅವನ ಸಮಜಾಯಿಷಿ. ನಾನು ಈ ಲೇಖನ ಬರೆಯಲು ಕೂತದ್ದು ಆ ಬೈಗುಳ ಕೇಳಿ ಕೇಳಿ ಸಾಕಾಗಿ. ಏನಾಯಿತೆಂದು ತಿಳಿಯದವರು ಬೈಯುತ್ತಿದ್ದಾರೆ. ತಿಳಿದವರು ಇನ್ನೂ ಜೋರಾಗಿ ಬೈಯುತ್ತಿದ್ದಾರೆ, ನನಗೆ ಸಿಟ್ಟು ಅದಕ್ಕೆ.

ಬೆಸೊ ಬೆಳೆದದ್ದು ಲಾರಿ ಕಾರ್ಖಾನೆ ಮುಚ್ಚಿ, ಕರೆಂಟು ಹೋಗಿ, ಮನೆಮನೆಯಲ್ಲಿ ಸೌದೆ ಒಲೆ ಹೊಗೆಯಾಡುತ್ತಿದ್ದ ವರ್ಷಗಳಲ್ಲಿ. ಹೆಗಲು ಬಿಟ್ಟರೆ ನಮ್ಮ ಹುಡುಗರಲ್ಲಿ ಬೇರೆ ಆಸ್ತಿ ಇರಲಿಲ್ಲ. ಫ್ರಾನ್ಸಿನ ಕ್ಲಬ್ಬುಗಳ ದಲ್ಲಾಳಿಗಳು ಆಗಲೇ ಬರತೊಡಗಿದ್ದರು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಹುಡುಗರ ಕತ್ತಿಗೆ ಟೇಪು ಹಿಡಿದು ಅಳೆಯುತ್ತಿದ್ದರು. ಬೆಸೊ ಹತ್ತೊಂಬತ್ತಕ್ಕೆ ಹೋದ. ದೊಡ್ಡ ಕ್ಲಬ್ಬಲ್ಲ, ಪರ್ವತದ ಬುಡದಲ್ಲಿ ದ್ರಾಕ್ಷಿತೋಟಗಳ ನಡುವಿನ ಒಂದು ಸಣ್ಣ ಊರಿನ, ಎರಡನೇ ದರ್ಜೆಯ ತಂಡ. ನಮ್ಮ ದೇಶದ ಅಂಗಿ ತೊಡುವ ಭಾಗ್ಯ ಕೆಲವು ಸಲ ಬಂತು. ಆದರೆ ದೊಡ್ಡ ದೇಶಗಳ ಮೇಜಿನಲ್ಲಿ ನಮಗೆ ಕುರ್ಚಿ ಹಾಕಿದವರಿಲ್ಲ. ನಮ್ಮ ಹುಡುಗರ ಕತ್ತು ಅವರ ಕ್ಲಬ್ಬುಗಳಿಗೆ ಬೇಕು, ನಮ್ಮ ಬಾವುಟ ಅವರ ಪಂದ್ಯಾವಳಿಗೆ ಬೇಡ.

ಅಲ್ಲಿ ಒಂಬತ್ತು ವರ್ಷ ಆಡಿದ ಮೇಲೆ, ಮುಂದಿನ ಸಾಲಿನ ನಡುವೆ ನಿಲ್ಲುವವನೊಬ್ಬ ಬೇಕೆಂದು ಕ್ಲಬ್ಬಿನವರು ಅವನನ್ನೇ ಕೇಳಿದರು. ಬೆಸೊ ತನ್ನ ಬೀದಿಯ ಹುಡುಗ ಗೇಲಾನ ಹೆಸರು ಹೇಳಿದ. ಗೇಲಾ ಅವನಿಗಿಂತ ಐದಾರು ವರ್ಷ ಚಿಕ್ಕವನು. ತಾಯಿ ಎತೇರಿಗೆ ಒಬ್ಬನೇ ಮಗ. ಮಗನ ಚೀಲ ಕಟ್ಟುತ್ತ ಎತೇರಿ ಫೋನಿನಲ್ಲಿ ಬೆಸೊನನ್ನು ಒಂದೇ ಮಾತು ಕೇಳಿದ್ದಳು, ನನ್ನ ಹುಡುಗ ನಿನ್ನ ಪಕ್ಕದಲ್ಲೇ ಇರ್ತಾನೆ ತಾನೆ ಎಂದು. ಪಕ್ಕದಲ್ಲೇ ಅತ್ತೆ, ಹೆಗಲಿಗೆ ಹೆಗಲು ಅಂದಿದ್ದ ಬೆಸೊ. ಅದು ಸುಳ್ಳಲ್ಲ. ಸ್ಕ್ರಮ್ಮಿನಲ್ಲಿ ನಡುವಿನವನ ಒಂದು ತೋಳು ಎಡಗಡೆಯವನ ಮೇಲೆ, ಇನ್ನೊಂದು ಬಲಗಡೆಯವನ ಮೇಲೆ. ಎರಡೂ ಕೈ ಹಾಗೆ ಕಟ್ಟಿಹಾಕಿದಂತಿರುವುದರಿಂದ ಸ್ಕ್ರಮ್ ಕುಸಿದರೆ ಅವನಿಗೆ ನೆಲಕ್ಕೆ ಊರಲು ಕೈಯಿಲ್ಲ. ತಲೆಯೇ ಊರಬೇಕು.

ಎರಡನೇ ವರ್ಷದ ಕೊನೆಗೆ ತಂಡ ಕೆಳದರ್ಜೆಗೆ ಬೀಳುವ ಸ್ಥಿತಿಗೆ ಬಂತು. ಅದೇ ಹೊತ್ತಿಗೆ ಗೇಲಾನ ಬಲಗೈ ಜೋಮು ಹಿಡಿಯತೊಡಗಿತು. ಕಾಫಿ ಲೋಟ ಕೈಯಿಂದ ಜಾರುತ್ತಿತ್ತು. ಕ್ಲಬ್ಬಿನ ವೈದ್ಯ ಕತ್ತಿನ ಬುಡಕ್ಕೆ ಸೂಜಿ ಚುಚ್ಚಿ, ನರ ಹಿಡಿದಿದೆ, ಆಡಬಹುದು ಅಂದ. ಮುಂದಿನ ವಾರ ಮತ್ತೆ ಸೂಜಿ. ಬೆಸೊ ವೈದ್ಯನ ಬಳಿ ಹೋಗಿ, ಕತ್ತಿನ ಸ್ಕ್ಯಾನ್ ಚಿತ್ರ ತೆಗೆಸಿ ನೋಡಬಾರದೇ ಎಂದು ಕೇಳಿದ. ವೈದ್ಯ ಅವನ ಕೆನ್ನೆ ತಟ್ಟಿದ.

"ತಳ್ಳೋದ್ ನಿನ್ ಕೆಲ್ಸ, ನೋಡೋದ್ ನನ್ ಕೆಲ್ಸ ಅಂದ. ಕೆನ್ನೆ ತಟ್ಟಿದ್ನಲ್ಲ, ಅದು ಇವತ್ತಿಗೂ ಉರಿಯತ್ತೆ," ಅನ್ನುತ್ತಾನೆ ಬೆಸೊ. "ಗೇಲಾನೂ ಬೇಡ್ಕೊಂಡ. ಅಣ್ಣ, ಸುಮ್ನಿರು, ಈ ಪಂದ್ಯ ಆಡಿದ್ರೆ ಇನ್ನೆರಡು ವರ್ಷಕ್ಕೆ ಇಟ್ಕೋತಾರೆ ಅಂದ. ನಾನು ಸುಮ್ನಾದೆ."

ಪಂದ್ಯದ ಮೊದಲ ಅರ್ಧದಲ್ಲೇ ಸ್ಕ್ರಮ್ ಕುಸಿಯಿತು. ಸ್ಕ್ರಮ್ ಕುಸಿಯುವುದು ಹೊಸದಲ್ಲ. ಪಂದ್ಯಕ್ಕೆ ಹತ್ತು ಸಲ ಕುಸಿಯುತ್ತದೆ. ಹದಿನಾರು ಜನರಲ್ಲಿ ಹದಿನೈದು ಜನ ಮೈ ಕೊಡವಿ ಎದ್ದರು.

"ಗೇಲಾ ಮುಖ ಕೆಳಗೆ ಮಾಡ್ಕೊಂಡು ಬಿದ್ದಿದ್ದ. ಬೆಸೊ, ನನ್ ಮೇಲಿಂದ ಏಳೋ, ಭಾರ ಆಗ್ತಿದೆ ಅಂದ," ಅನ್ನುತ್ತಾನೆ ಬೆಸೊ. "ನಾನು ಆಗ್ಲೇ ಎದ್ದಿದ್ದೆ."

ಗೇಲಾ ಬದುಕಿದ, ಕತ್ತಿನ ಕೆಳಗಿನ ಮೈ ಮಾತ್ರ ಮತ್ತೆ ಅಲುಗಲಿಲ್ಲ. ವಿಚಾರಣೆ ನಡೆಯಿತು. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಸೂಟು ತೊಟ್ಟವರು. ಮೈದಾನ ಒದ್ದೆಯಾಗಿತ್ತು, ರೆಫರಿ ತಡವಾಗಿ ಊದಿದ, ಎದುರಾಳಿ ಜಾರಿದ ಎಂದೆಲ್ಲ ಮಾತಾಯಿತು. ಆಟಗಾರ ಕೈ ಜೋಮಿನ ವಿಷಯ ತನಗೆ ಹೇಳಿಯೇ ಇಲ್ಲ ಎಂದ ವೈದ್ಯ. ಬೆಸೊ ಎದ್ದು ನಿಂತು, ಹೇಳಿದ್ದು ನಾನು, ಕೆನ್ನೆ ತಟ್ಟಿ ಕಳಿಸಿದ್ದು ಈ ಮನುಷ್ಯ ಎಂದ. ಕ್ಲಬ್ಬಿನ ವಕೀಲ ನಕ್ಕು, ನಿಮ್ಮ ಫ್ರೆಂಚ್ ಅಷ್ಟಕ್ಕಷ್ಟೇ, ವೈದ್ಯರ ಮಾತು ನಿಮಗೆ ಅರ್ಥವಾಗಿರಲಿಕ್ಕಿಲ್ಲ ಅಂದನಂತೆ. ಹನ್ನೊಂದು ವರ್ಷ ಆ ಊರಿನ ನೀರು ಕುಡಿದವನಿಗೆ, ಆ ಊರಿನ ಭಾಷೆಯಲ್ಲೇ ಕನಸು ಬೀಳುತ್ತಿದ್ದವನಿಗೆ ಹೇಳಿದ ಮಾತು ಅದು. ಆಟದಲ್ಲಿ ಸಹಜವಾದ ಆಕಸ್ಮಿಕ ಎಂದು ತೀರ್ಪಾಯಿತು. ಕ್ಲಬ್ಬಿನವರು ಗೇಲಾನ ಗೌರವಕ್ಕೆಂದು ಒಂದು ಪಂದ್ಯ ಆಡಿಸಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ ಅವನ ಅಂಗಿಯನ್ನು ಎತೇರಿಯ ಕೈಗಿತ್ತರು. ಆ ಪಂದ್ಯಕ್ಕೆ ಬೆಸೊನನ್ನು ಕರೆಯಲಿಲ್ಲ. ಮುಂದಿನ ವರ್ಷಕ್ಕೂ ಕರೆಯಲಿಲ್ಲ. ಬೇರೆ ಕ್ಲಬ್ಬುಗಳೂ ಫೋನು ಎತ್ತಲಿಲ್ಲ. ಬಾಯಿ ಇರುವ ಎತ್ತನ್ನು ಯಾರು ಕೊಳ್ಳುತ್ತಾರೆ. ವೈದ್ಯ ಈಗಲೂ ಅದೇ ಬೆಂಚಿನಲ್ಲಿ ಕೂರುತ್ತಾನೆಂದು ಕೇಳಿದ್ದೇನೆ. ಕ್ಲಬ್ಬಿನ ಹೆಸರನ್ನು ನಾನು ಬರೆಯುವವನೇ ಇದ್ದೆ. ಬೇಡ ಅಂದವನು ಗೇಲಾ. ಆ ಊರಿನ ಬೇಕರಿಯವಳು ಇವತ್ತಿಗೂ ಅವನ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುತ್ತಾಳಂತೆ. ಅವಳ ಊರಿಗೆ ಮಸಿ ಬಳಿಯಬೇಡ ಅಂದ.

ಬೆಸೊ ಊರಿಗೆ ಮರಳಿ ನಮ್ಮ ತಂಡ ಸೇರಿದ. ಎತೇರಿಯ ಮನೆಗೆ ಹೋದರೆ ಅವಳು ಬಾಗಿಲು ತೆಗೆಯಲಿಲ್ಲ. ಬೇಸಿಗೆ ಪೂರ್ತಿ ಹೋದ, ಅವಳು ತೆಗೆಯಲಿಲ್ಲ. ಚಳಿಗಾಲದಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ಆಗ ಬಾಗಿಲು ತೆರೆದು, ಎತ್ತೋಕೆ ಬರತ್ತಲ್ಲ ನಿಂಗೆ, ಬಾ ಎತ್ತು ಅಂದಳು. ಅಂದಿನಿಂದ ಬೆಳಗಿನ ತಾಲೀಮು ಮುಗಿಸಿ ಬೆಸೊ ನೇರ ಅಲ್ಲಿಗೆ ಹೋಗುತ್ತಾನೆ. ಗೇಲಾನನ್ನು ಹಾಸಿಗೆಯಿಂದ ಎತ್ತಿ ಸ್ನಾನದ ಕುರ್ಚಿಗೆ, ಅಲ್ಲಿಂದ ಕಿಟಕಿಯ ಬಳಿಯ ಗಾಲಿಕುರ್ಚಿಗೆ ಕೂರಿಸುತ್ತಾನೆ. ಮನೆಯಲ್ಲಿ ಹಿಟ್ಟಿನ ಮೂಟೆ ಎತ್ತು ಅಂದರೆ ಕತ್ತು ನೋವು, ಗೇಲಾನನ್ನು ಎತ್ತುವಾಗ ಎಲ್ಲಿ ಹೋಗುತ್ತೋ ಆ ನೋವು ಎಂದು ಅವನ ಹೆಂಡತಿ ನಾತೆಲಾ ನನ್ನೆದುರೇ ಚುಚ್ಚಿದಳು. ಹಾಗೆ ಚುಚ್ಚುತ್ತಲೇ ಗೇಲಾನಿಗೆಂದು ಮೆಕ್ಕೆಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಎಲ್ರೂ ಬಂದು ಪಾಪ ಬೆಸೊ, ಎಷ್ಟ್ ದುಃಖ ಅಂತಾರೆ," ಅನ್ನುತ್ತಾನೆ ಬೆಸೊ. "ದುಃಖ ಅಲ್ಲಪ್ಪ, ನಂಗ್ ಸಿಟ್ಟು. ದುಃಖಪಡೋಕೆ ಇನ್ನೂ ಪುರುಸೊತ್ತಾಗಿಲ್ಲ."

ಇನ್ನು ಈ ಬೇಸಿಗೆಯ ಕಥೆ. ಫೈನಲ್‌ಗೆ ಐದು ದಿನವಿತ್ತು. ಈಗ ಗೇಲಾ ನಿಲ್ಲುತ್ತಿದ್ದ ಜಾಗದಲ್ಲಿ, ಬೆಸೊನ ಪಕ್ಕ, ಲೆವಾನ್ ಎಂಬ ಇಪ್ಪತ್ತಾರರ ಆಟಗಾರ. ನಮ್ಮ ಊರು ಇಷ್ಟು ವರ್ಷಗಳಲ್ಲಿ ಹಡೆದ ನಡುವಿನವರಲ್ಲೇ ಗಟ್ಟಿಗ. ಅವನನ್ನು ನೋಡಲೆಂದೇ ಫ್ರಾನ್ಸಿನಿಂದ ಒಬ್ಬ ಬರುವವನಿದ್ದ. ಬೆಳಗಿನ ತಾಲೀಮಿನಲ್ಲಿ ಸ್ಕ್ರಮ್ ಬಿಚ್ಚಿದಾಗ ಲೆವಾನ್ ಬಲಗೈಯನ್ನು ತೊಡೆಗೆ ಬಡಿದು ಒದರಿಕೊಂಡ. ಯಾರೂ ನೋಡಿರಲಿಕ್ಕಿಲ್ಲ. ಬೆಸೊ ನೋಡಿದ. ಮತ್ತೊಮ್ಮೆ ಕಟ್ಟಿಕೊಂಡಾಗ ತನ್ನ ಅಂಗಿ ಹಿಡಿದ ಬೆರಳುಗಳಲ್ಲಿ ಬಿಗಿ ಇಲ್ಲದ್ದೂ ಅವನಿಗೆ ತಿಳಿಯಿತು. ಅಲ್ಲೇ ಮೈ ಬಿಡಿಸಿಕೊಂಡು ನೆಟ್ಟಗೆ ನಿಂತ. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

ಎಷ್ಟು ದಿನದಿಂದ ಎಂದು ಕೇಳಿದ. ಏನೂ ಇಲ್ಲ, ರಾತ್ರಿ ಕೈ ಕೆಳಗೆ ಹಾಕಿ ಮಲಗಿದ್ದೆ ಅಂದ ಲೆವಾನ್. ಕತ್ತಿನ ಚಿತ್ರ ತೆಗೆಸಿಕೊಂಡು ಬಾ, ಅಲ್ಲಿವರೆಗೆ ನಿನ್ನ ಪಕ್ಕ ನಾನು ಕಟ್ಟಿಕೊಳ್ಳುವುದಿಲ್ಲ ಎಂದು ಬೆಸೊ ಮೈದಾನದಿಂದ ಹೊರಗೆ ನಡೆದ.

ಮಧ್ಯಾಹ್ನದ ಹೊತ್ತಿಗೆ ಕ್ಲಬ್ಬಿನ ಅಧ್ಯಕ್ಷ ಜುಂಬೇರ್ ಬಟ್ಟೆ ಬದಲಿಸುವ ಕೋಣೆಗೆ ಬಂದ. ಜುಂಬೇರನಿಗೆ ಊರಾಚೆ ನಿಂಬೆ ಪಾನಕದ ಕಾರ್ಖಾನೆಯಿದೆ. ತಂಡದ ಅಂಗಿಯ ಮೇಲೆ ಅದರ ಬಾಟಲಿಯ ಚಿತ್ರವಿದೆ. ಮೊದಲು ನಯವಾಗಿ ಮಾತಾಡಿದ. ಫೈನಲ್ ಮುಗಿದ ಮಾರನೇ ದಿನವೇ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಮುಂಚೆಯೇ ಹೋದರೆ ಅಲ್ಲಿನವರು ಸುಮ್ಮನೆ ಏನಾದರೂ ಹೇಳಿ ಹೆದರಿಸುತ್ತಾರೆ ಅಂದ. ಆಮೇಲೆ ದನಿ ಗಡುಸಾಯಿತು.

"ನೀನೇನ್ ಡಾಕ್ಟ್ರೇನೋ ಬೆಸೊ?"

"ಅಲ್ಲ. ನಾನು ಹಿಂದೊಂದ್ಸಲ ಡಾಕ್ಟ್ರನ್ನ ನಂಬಿದೋನು," ಅಂದ ಬೆಸೊ. "ಅವನು ಇಳಿದ್ರೆ ನಾನ್ ಇಳಿಯಲ್ಲ. ನನ್ ಜಾಗಕ್ಕೆ ಯಾರನ್ನ್ ಹಾಕ್ತೀಯೋ ಹಾಕ್ಕೋ."

ಆ ಜಾಗಕ್ಕೆ ಹಾಕಲು ಜುಂಬೇರನ ಬಳಿ ಬೇರೆಯವರಿರಲಿಲ್ಲ. ಬೆಸೊ ಇಲ್ಲದೆ ಲೆವಾನ್ ಇದ್ದರೆ ಸ್ಕ್ರಮ್ಮಿನ ಬಲಗಡೆ ಹಂಚಿನಂತೆ ಒಡೆಯುತ್ತದೆ ಎಂದು ತರಬೇತುದಾರನಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಉರಿದವನು ಲೆವಾನ್. ಇಡೀ ತಂಡದ ಮುಂದೆ ಬೆಸೊನ ಎದೆಗೆ ಎದೆ ತಾಗಿಸಿ ನಿಂತ.

"ನಿನ್ ಕಾಲ ಮುಗೀತು ಅಂತ ನನ್ನದೂ ಮುಗಿಸ್ತೀಯಾ? ಅಲ್ಲೆಲ್ಲೋ ಒಬ್ಬನ್ನ್ ಕಾಪಾಡೋಕ್ ಆಗ್ಲಿಲ್ಲ, ಅದಕ್ಕೆ ಇಲ್ಲಿ ನನ್ ಕತ್ತು ಹಿಸುಕ್ತೀಯಾ?"

ಲೆವಾನನ ಆ ಮಾತಿನ ಬಗ್ಗೆ ನಾನು ಆಮೇಲೆ ಬೆಸೊನನ್ನು ಕೇಳಿದೆ. ಅವನು ಹೇಳಿದ್ದು ನಿಜವೇ ಅಲ್ಲವಾ ಅಂದ. ನಿಜ ಹೇಳಿದವನ ಕೈ ಜೋಮು ಹಿಡಿದಿರಬಾರದು ಅಂತೇನಿಲ್ಲವಲ್ಲ ಎಂದೂ ಸೇರಿಸಿದ.

ಫೈನಲ್‌ನಲ್ಲಿ ಲೆವಾನ್ ಕೋಟು ತೊಟ್ಟು ಬೆಂಚಿನಲ್ಲಿ ಕೂತ. ಅವನ ಜಾಗದಲ್ಲಿ ಮಾಗಿದ ವಯಸ್ಸಿನ ಬದಲಿಯಾಟಗಾರನೊಬ್ಬ ನಿಂತ. ಸ್ಕ್ರಮ್ಮಿನಲ್ಲಿ ನಾವು ಸೋಲಲಿಲ್ಲ. ಬೆಸೊ ಆವತ್ತು ಇಬ್ಬರ ಭಾರ ಹೊತ್ತ. ಆದರೆ ಗೆರೆಯಾಚೆಯಿಂದ ಚೆಂಡು ಎಸೆಯುವುದು ನಡುವಿನವನ ಕೆಲಸ, ಆ ಬದಲಿಯವನ ಎಸೆತಗಳೆಲ್ಲ ಸೊಟ್ಟಗೆ ಹೋದವು. ಕೊನೆಯ ಗಳಿಗೆಯ ಅಂಥದೇ ಒಂದು ಎಸೆತ ಎದುರಾಳಿಗೆ ಸಿಕ್ಕಿತು. ಅಲ್ಲಿಗೆ ಪಂದ್ಯ ಹೋಯಿತು. ಫ್ರಾನ್ಸಿನವನು ಲೆವಾನನ ಆಟ ನೋಡದೆಯೇ ವಿಮಾನ ಹತ್ತಿದ.

ಸಂಜೆಯ ಔತಣದಲ್ಲಿ ಮೇಜಿನ ತುದಿಗೆ ಕೂತು ಮಧುಪಾತ್ರೆ ಎತ್ತುವ ಹಿರಿತನ ಜುಂಬೇರನದಾಗಿತ್ತು. ನಮ್ಮಲ್ಲಿ ಸೋತ ತಂಡಕ್ಕೂ ಮೇಜು ಹಾಕುತ್ತಾರೆ, ಸತ್ತವರಿಗೂ ಮಾತಿನ ಗೌರವ ಸಲ್ಲುತ್ತದೆ. ಜುಂಬೇರ್ ಒಬ್ಬೊಬ್ಬರ ಹೆಸರು ಹಿಡಿದು ಹೊಗಳಿ ಪಾತ್ರೆ ಎತ್ತಿದ. ಬದಲಿಯಾಟಗಾರನಿಗೂ ಎತ್ತಿದ, ಬಟ್ಟೆ ಒಗೆಯುವವಳಿಗೂ ಎತ್ತಿದ. ಬೆಸೊನ ಹೆಸರು ಹಾರಿಸಿ ಮುಂದಿನವನಿಗೆ ಹೋದ. ಅಷ್ಟು ಜನರಲ್ಲಿ ಯಾರೂ ತಲೆಯೆತ್ತಲಿಲ್ಲ. ನಮ್ಮ ಕಡೆ ಒಬ್ಬನ ಮುಖಕ್ಕೆ ಉಗುಳಲು ಇದಕ್ಕಿಂತ ಸಭ್ಯ ದಾರಿ ಇಲ್ಲ. ಬೆಸೊ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು, ಕೈ ಒರೆಸಿಕೊಂಡು ಎದ್ದು ಬಂದ.

ವಿಷಯ ಅವನಿಗಿಂತ ಮುಂಚೆ ಗೇಲಾನ ಮನೆ ಮುಟ್ಟಿತ್ತು. ಮಾರನೇ ಬೆಳಿಗ್ಗೆ ಬೆಸೊ ಎತ್ತಿ ಕಿಟಕಿಯ ಬಳಿ ಕೂರಿಸಿದ ಮೇಲೆ ಗೇಲಾ ಛೇಡಿಸಿದ. ನಾನು ಕುರ್ಚಿಯಲ್ಲೇ ಕೂತು ಎಸೆದಿದ್ದರೂ ಆ ಮುದುಕನಿಗಿಂತ ನೆಟ್ಟಗೆ ಎಸೆಯುತ್ತಿದ್ದೆ ಅಂದ. ಬೆಸೊ ನಗಲಿಲ್ಲ. ಆಗ ಗೇಲಾ ತಾಯಿಗೆ ವೈನಿನ ಹೂಜಿ ತರಲು ಹೇಳಿದ. ಬೆಳಬೆಳಿಗ್ಗೆಯೇ ಏನಿದು ಎಂದು ಎತೇರಿ ಗೊಣಗಲಿಲ್ಲ. ಎರಡು ಲೋಟಕ್ಕೆ ಬಗ್ಗಿಸಿದಳು. ಒಂದು ಬೆಸೊನಿಗೆ ಕೊಟ್ಟು, ಇನ್ನೊಂದನ್ನು ತಾನೇ ಮಗನ ತುಟಿಯ ಮಟ್ಟಕ್ಕೆ ಎತ್ತಿ ಹಿಡಿದಳು.

"ಬಾಯಿ ಮುಚ್ಕೊಂಡ್ ಇರ್ದೇ ಇರೋ ಬೆಸೊಗೆ," ಅಂದ ಗೇಲಾ. "ಸ್ವಲ್ಪ ತಡ ಆಯ್ತು, ಪರ್ವಾಗಿಲ್ಲ."

ಇದನ್ನು ನನಗೆ ಹೇಳಿದವಳು ಎತೇರಿ. ಬೆಸೊ ಹೇಳಲಿಲ್ಲ.

ಫೈನಲ್ ಮುಗಿದ ಮೇಲೆ ಲೆವಾನನ ಕತ್ತಿನ ಚಿತ್ರ ಬಂತು. ಎರಡು ಮೂಳೆಗಳ ನಡುವಿನ ಮೆತ್ತೆ ಹೊರಚಾಚಿ ನರವನ್ನು ಒತ್ತುತ್ತಿತ್ತು. ವಿಶ್ರಾಂತಿ ಸಾಕು, ಶಸ್ತ್ರಚಿಕಿತ್ಸೆ ಬೇಡ ಎಂದಿತು ಆಸ್ಪತ್ರೆ. ಹಾಗೇ ಫೈನಲ್ ಆಡಿದ್ದರೆ ಏನಾಗುತ್ತಿತ್ತು ಎಂದು ಜುಂಬೇರ್ ಅಲ್ಲಿನ ತಜ್ಞರನ್ನು ಕೇಳಿದ. ಏನೂ ಆಗದೇ ಇರಬಹುದಿತ್ತು, ಆಗಲೂಬಹುದಿತ್ತು ಎಂದರು. ಜುಂಬೇರ್ ಆ ಮಾತಿನ ಮೊದಲ ಅರ್ಧವನ್ನಷ್ಟೇ ಊರಿಗೆ ತಂದ. ಏನೂ ಆಗುತ್ತಿರಲಿಲ್ಲವಂತೆ ಎಂದು ಗಿಣ್ಣಿನವಳವರೆಗೂ ಸುದ್ದಿ ಹರಡಿತು. ಒಬ್ಬ ಮನುಷ್ಯ ನಡೆದಾಡುತ್ತಿದ್ದಾನೆ ಎಂಬುದೇ ಇವರಿಗೆ ಪುರಾವೆ, ಬೆಸೊ ತಪ್ಪು ಮಾಡಿದ ಎಂಬುದಕ್ಕೆ. ಅವನು ಸರಿ ಎಂದು ಒಪ್ಪಲು ಇವರಿಗೆ ಇನ್ನೊಂದು ಗಾಲಿಕುರ್ಚಿ ಬೇಕಾಗಿತ್ತು.

ಲೆವಾನ್ ಬೆಸೊನ ಜೊತೆ ಮಾತು ಬಿಟ್ಟ. ಕೈ ಗುಣವಾದ ಮೇಲೆ ನಮ್ಮ ತಂಡವನ್ನೂ ಬಿಟ್ಟು ತ್ಬಿಲಿಸಿಯವರ ಕಡೆ ಹೋದ. ಬೆಸೊನಿಗೆ ಜುಂಬೇರ್ ಈ ವರ್ಷವೇ ಕೊನೆ ಎಂದು ಹೇಳಿಯಾಗಿದೆ. ಆಮೇಲೆ ಏನು ಮಾಡುತ್ತೀಯ ಎಂದು ಕೇಳಿದರೆ ಅವನಿಗೆ ದೊಡ್ಡ ಯೋಚನೆಗಳಿಲ್ಲ. ಆಸೆ ಒಂದಿದೆ.

"ಬೆಂಚಲ್ಲಿ ಕೂರೋ ಡಾಕ್ಟ್ರಿಗೆ ಸಂಬಳ ಕ್ಲಬ್ಬಿನೋರು ಕೊಡ್ಬಾರ್ದು," ಅನ್ನುತ್ತಾನೆ. "ಬೇರೆ ಯಾರಾದ್ರೂ ಕೊಡ್ಲಿ. ಸರ್ಕಾರ ಕೊಡ್ಲಿ, ಚರ್ಚ್ ಕೊಡ್ಲಿ. ಯಾರ್ ಕೈ ಊಟ ಹಾಕತ್ತೋ ಆ ಕೈ ತೋರಿಸ್ದಂಗೇ ಕಣ್ ನೋಡತ್ತೆ. ಇಷ್ಟೇ ಸಾಕು ನಂಗೆ, ಪುತ್ಥಳಿ ಗಿತ್ಥಳಿ ಬೇಡ."

ಕಳೆದ ವಾರ ತ್ಬಿಲಿಸಿಯವರು ಇಲ್ಲಿಗೆ ಬಂದಿದ್ದರು. ಸ್ಕ್ರಮ್ ಕಟ್ಟಿದಾಗ ಬಲಗಡೆಯವನ ತಲೆ ಎದುರಾಳಿಯ ನಡುವಿನವನ ತಲೆಯ ಪಕ್ಕಕ್ಕೇ ಹೋಗಿ ಕೂರುತ್ತದೆ, ಕಿವಿಗೆ ಕಿವಿ ಉಜ್ಜುವಷ್ಟು ಹತ್ತಿರ. ಮಾತು ಬಿಟ್ಟ ಇಬ್ಬರು ಆವತ್ತು ಎಷ್ಟೋ ಸಲ ಹಾಗೆ ನಿಂತರು. ಮೊದಲ ಸ್ಕ್ರಮ್ಮಿನ ಕತ್ತಲೊಳಗೆ ಲೆವಾನ್, ನಿನ್ನನ್ನ ಮರೆತಿಲ್ಲ ಕಣೋ ಮುದುಕ ಅಂದನಂತೆ. ಮರೀಬೇಡ, ಬೆನ್ನು ನೆಟ್ಟಗಿಟ್ಕೋ ಅಂದನಂತೆ ಬೆಸೊ. ಪಂದ್ಯ ನಾವು ಸೋತೆವು. ಬೆಸೊನನ್ನು ಜನ ಮತ್ತೆ ಕೂಗಿ ಹಂಗಿಸಿದರು.

ಆಮೇಲೆ ನಾನು ಬಟ್ಟೆ ಬದಲಿಸುವ ಕೋಣೆಗೆ ಹೋದಾಗ ಅವನು ಬೂಟಿನ ಮಣ್ಣು ಕೆರೆಯುತ್ತ ಒಬ್ಬನೇ ಕೂತಿದ್ದ. ಕೆನ್ನೆಯ ಮೇಲೆ ಹುಲ್ಲಿನ ಹಸಿರು. ಮುಖದಲ್ಲಿ ನಾನು ಇಷ್ಟು ವರ್ಷ ಕಾಣದ ಒಂದು ಕಳೆ.

"ಎರಡ್ ಸಲ ನನ್ನನ್ನ ಹಿಂದಕ್ ತಳ್ದ ಆ ನನ್ಮಗ," ಅಂದ. "ಫ್ರಾನ್ಸಲ್ಲೂ ಯಾರೂ ಹಂಗ್ ತಳ್ಳಿರ್ಲಿಲ್ಲ. ಬರ್ಕೋ ಅದನ್ನ. ಅವನ್ ಹೆಸ್ರು ಸರಿಯಾಗ್ ಬರಿ."